ಉದ್ಘಾಟನೆಗೆ ಬಂದ ಟ್ಯಾಂಕರು

ಅಶ್ಫಾಕನ ಹೊಸ ಅಂಗಡಿಯ ಉದ್ಘಾಟನೆ ಬೆಳಿಗ್ಗೆ ಹನ್ನೊಂದಕ್ಕೆ ಗೊತ್ತಾಗಿತ್ತು. ಅಂಗಡಿ ಸಾಲಿನ ಹಿಂದಿದ್ದ ಸಂಡಾಸದ ಗುಂಡಿ ಮಾತ್ರ ಅಷ್ಟು ಹೊತ್ತು ಕಾಯಲಾರದೆ ಏಳೂವರೆಗೇ ತುಂಬಿ ಹರಿಯಿತು.

ಲಕ್ಷ್ಮೇಶ್ವರದ ಶಿಗ್ಲಿ ನಾಕಾದ ಹತ್ತಿರ ಒಂದೇ ಸಾಲಿನಲ್ಲಿ ಆರು ಅಂಗಡಿ. ಆರಕ್ಕೂ ಹಿಂದೆ ಒಂದೇ ಗುಂಡಿ. ಅದು ತುಂಬಿದ್ದನ್ನು ಮೊದಲು ಕಂಡವಳು ಮೂಲೆಯ ಗಾಡಿಯಲ್ಲಿ ಚಹಾ, ಮಿರ್ಚಿ ಮಾರುವ ಮುದುಕಿ ಮೋತಿಬಿ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಓಡಿಬಂದು ಖಬರು ಕೊಟ್ಟಳು.

"ಅಶ್ಫಾಕ, ನಿನ್ನ ಅಂಗಡಿ ಓಪನಿಂಗಿಗೆ ಅಂತ ಗುಂಡಿನೂ ಓಪನ್ ಆಗೇತಿ ನೋಡಪಾ."

ಅಶ್ಫಾಕ ಏಣಿಯ ಮೇಲೆ ನಿಂತು ಬಾಗಿಲಿಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದ. ಸರ ಅವನ ಕೊರಳಿಗೇ ಬಂದು ಬಿತ್ತು.

ಹನ್ನೆರಡು ವರ್ಷ ಅವನು ಬೇರೆಯವರ ಗ್ಯಾರೇಜಿನಲ್ಲಿ, ಶಿಗ್ಲಿ ಸೊರಟೂರಿನ ಹೊಲಗಳ ಬದುವಿನಲ್ಲಿ ಟ್ರ್ಯಾಕ್ಟರಿನ ವೈರುಗಳನ್ನು ಜೋಡಿಸಿದವನು. ಲೈಟು, ಹಾರನ್ನು, ಟೇಪು, ಸ್ಟಾರ್ಟರು. ಮಣ್ಣಿನಲ್ಲಿ ಮಲಗಿ ಮಲಗಿ ಬೆನ್ನು ಉಳುಮೆಯಾದ ಹೊಲದಂತಾಗಿತ್ತು. ಇನ್ನು ಮುಂದೆ ಟ್ರ್ಯಾಕ್ಟರು ಸಾಕು, ಕಾರು ಮಾತ್ರ ಮುಟ್ಟಬೇಕು, ಅದೂ ಸೀಟಿನ ಮೇಲೆ ಕೂತು, ತಂಪು ಗಾಳಿ ಹಚ್ಚಿಕೊಂಡು, ಎಂಬುದು ಅವನ ಬಹುದಿನದ ಆಸೆ. ಆ ಆಸೆಗೊಂದು ದಾರಿಯೂ ತೆರೆದಿತ್ತು. ಬೆಟಗೇರಿಯ ಜಹಾಂಗೀರ ಶೇಠರ ಬಳಿ ಬಾಡಿಗೆಗೆ ಓಡುವ ಏಳು ಕಾರುಗಳಿದ್ದವು. ಇವತ್ತಿನ ಮುಖ್ಯ ಅತಿಥಿ ಅವರೇ. "ಬಂದು ನಿನ್ನ ಕೈ ನೋಡ್ತೀನಿ. ಕೈ ಛಲೋ ಇದ್ರ ಕೆಲಸಾ ಕೊಡ್ತೀನಿ" ಎಂದು ಫೋನಿನಲ್ಲಿ ಹೇಳಿದ್ದರು.

"ಶೇಠ್ರು ಬಂದು ಕೈ ನೋಡೂದು ದೂರ, ಮೂಗು ಹಿಡಕೊಂಡು ತಿರಿಗಿ ಹೋಗ್ತಾರ" ಎಂದಳು ಅಶ್ಫಾಕನ ಹೆಂಡತಿ ಅಮೀರಾ. "ಮೊದಲು ಟ್ಯಾಂಕರಿಗೆ ಫೋನ್ ಮಾಡ್ರಿ."

ಒಂಬತ್ತಕ್ಕೆ ಟ್ಯಾಂಕರು ಬಂತು. ಗುಂಡಿಗೆ ಪೈಪು ಮುಟ್ಟಬೇಕಾದರೆ ಅದು ಅಶ್ಫಾಕನ ಅಂಗಡಿಯ ಪಕ್ಕದ ಸಂದಿಗೇ ಹಿಂಭಾಗ ಕೊಟ್ಟು ನಿಲ್ಲಬೇಕು. ಹಾಗೆ ನಿಂತಾಗ ಅದರ ಮುಖ ಸೀದಾ ಪೆಂಡಾಲಿನ ಕಡೆ ತಿರುಗಿ, ಟ್ಯಾಂಕರೇ ಇವತ್ತಿನ ಅಧ್ಯಕ್ಷತೆ ವಹಿಸಿದಂತೆ ಕಾಣುತ್ತಿತ್ತು. ಡ್ರೈವರ್ ವೀರು ಇಳಿದ. ಅವನು ಇಳಿದೊಡನೆ ಗಾಡಿ ಒಂದು ಗೇಣು ಮೇಲಕ್ಕೆದ್ದು ಉಸ್ಸೆಂದಿತು. ಅಂಥ ಮೈ.

"ಅರ್ಧಾ ತಾಸಿನ ಕೆಲಸಾ ಮಿಸ್ತ್ರಿ, ಚಿಂತಿ ಬಿಡ್ರಿ" ಎಂದು ಪೈಪು ಇಳಿಬಿಟ್ಟು, ಬಾಗಿಲಲ್ಲಿ ನಿಂತೇ ಒಳಗೆ ಕಾಲು ಚಾಚಿ ಕ್ಲಚ್ಚು ತುಳಿದು ಪಂಪು ಹಚ್ಚಿದ. ಪಂಪು ಗೊರಗೊರ ಎಂದು ಎಳೆಯತೊಡಗಿತು. ವೀರು ಮೋತಿಬಿಯ ಹತ್ತಿರ ಎರಡು ಮಿರ್ಚಿ ತಿಂದು, ಎಕ್ಸಲೇಟರು ಸ್ವಲ್ಪ ಏರಿಸೋಣವೆಂದು ಹೋಗಿ ಸೀಟಿನ ಮೇಲೆ ಧಪ್ಪನೆ ಕೂತ. ಪಂಪು ನಿಂತಿತು.

ಎಂಜಿನ್ನು ಓಡುತ್ತಿದೆ, ಪಂಪು ಓಡುತ್ತಿಲ್ಲ. ಗುಂಡಿಯ ಮುಚ್ಚಳ ತೆಗೆದಿದೆ. ಇಷ್ಟು ಹೊತ್ತು ತನ್ನ ಪಾಡಿಗೆ ತಾನಿದ್ದದ್ದನ್ನು ಕಲಕಿ ಎಬ್ಬಿಸಿದ್ದರಿಂದ ವಾಸನೆ ಮೊದಲಿಗಿಂತ ಮೂರು ಪಟ್ಟಾಗಿ, ಪೆಂಡಾಲಿನ ಕುರ್ಚಿಗಳಲ್ಲಿ ಆಗಲೇ ಬಂದು ಕೂತಂತಿತ್ತು.

"ಬ್ಯಾಟರಿ ಡೌನ್ ಆಗೇತಿ" ಎಂದಿತು ಒಂದು ದನಿ.

ಅದು ಪಕ್ಕದಂಗಡಿಯ ಕೊಟ್ರಪ್ಪನದು. ಕೊಟ್ರಪ್ಪ ಬ್ಯಾಟರಿ ಮಾರುವವನು. ಗಾಡಿ ಹೊಗೆ ಬಿಟ್ಟರೆ, ಬ್ರೇಕು ಕಿರುಗುಟ್ಟಿದರೆ, ಟೈರು ಪಂಕ್ಚರಾದರೆ, ಎಲ್ಲಕ್ಕೂ ಅವನ ಬಳಿ ಇದ್ದದ್ದು ಅದೊಂದೇ ಕಾರಣ. ನಾಕಾದಲ್ಲಿ ಯಾರಾದರೂ ಮೊಣಕಾಲು ನೋವೆಂದರೂ ಅವನು ಮೊದಲು ಬ್ಯಾಟರಿಯನ್ನೇ ನೆನೆಯುತ್ತಿದ್ದ.

"ಎಂಜಿನ್ ಓಡಾಕತ್ತೈತಲ್ಲ ಕಾಕಾ" ಎಂದ ಅಶ್ಫಾಕ.

"ಓಡ್ಲಿ. ಒಳಗಿಂದ ಡೌನ್ ಇರತೈತಿ. ಹೊಸಾದು ತರ್ಲೇನು?"

ಅಮೀರಾ ಗಂಡನ ತೋಳು ಹಿಡಿದಳು. ಅವನು ತೊಟ್ಟಿದ್ದದ್ದು ಅವಳು ಬೆಳಿಗ್ಗೆ ಇಸ್ತ್ರಿ ಮಾಡಿದ ಹಾಲುಬಿಳಿ ಅಂಗಿ. "ನೋಡ್ರಿ, ಬ್ಯಾರೆ ಮಿಸ್ತ್ರಿನ ಕರೀರಿ. ಇವತ್ತೊಂದು ದಿವಸ ನೀವು ಕೈ ಹಚ್ಚಬ್ಯಾಡ್ರಿ."

"ನನ್ನ ಅಂಗಡಿ ಮುಂದ ನಿಂತ ಗಾಡಿಗೆ ಬ್ಯಾರೆ ಮಿಸ್ತ್ರಿನ ಕರದ್ರ, ಮಂದಿ ನಾಳಿ ನನ್ನ ಕಡೆ ಯಾಕ ಬರ್ತಾರ?"

ಅಮೀರಾ ತೋಳು ಬಿಟ್ಟಳು.

ಇಂಥ ಗಾಡಿಗಳ ಹೊಟ್ಟೆಯಡಿ ಒಂದು ಸಣ್ಣ ಗೇರು ಪೆಟ್ಟಿಗೆ ಇರುತ್ತದೆ. ಎಂಜಿನ್ನಿನ ಬಲವನ್ನು ಗಾಲಿಗೆ ಬಿಡದೆ ಪಂಪಿಗೆ ತಿರುಗಿಸುವುದು ಅದರ ಕೆಲಸ. ಡ್ರೈವರುಗಳು ಅದನ್ನು ಪಿಟಿಓ ಎನ್ನುತ್ತಾರೆ. ಈ ಟ್ಯಾಂಕರಿನಲ್ಲಿ ಅದಕ್ಕೊಂದು ಕೆಂಪು ಸ್ವಿಚ್ಚು. ಒತ್ತಿದರೆ ಕರೆಂಟು ಹೋಗಿ ಒಂದು ಕಾಯಿಲನ್ನು ಎಬ್ಬಿಸುತ್ತದೆ, ಕಾಯಿಲು ಗಾಳಿ ಬಿಡುತ್ತದೆ, ಗಾಳಿ ಗೇರನ್ನು ನೂಕುತ್ತದೆ, ಪಂಪು ತಿರುಗುತ್ತದೆ. ಕರೆಂಟು ನಡುದಾರಿಯಲ್ಲಿ ಎಲ್ಲಿ ಕೈಕೊಟ್ಟರೂ ಪಂಪು ಸತ್ತಂತೆ.

ಅಶ್ಫಾಕ ತನ್ನ ಟೆಸ್ಟ್ ಲ್ಯಾಂಪು ತೆಗೆದ. ಹೆಸರು ದೊಡ್ಡದು, ವಸ್ತು ಎರಡು ವೈರು ಕಟ್ಟಿದ ಒಂದು ಸಣ್ಣ ಬಲ್ಬು. ಬ್ಯಾಟರಿಗೆ ಹಿಡಿದ, ಬಲ್ಬು ಝಗ್ಗೆಂದಿತು. ಕೊಟ್ರಪ್ಪನ ಮುಖ ಆರಿತು. ಫ್ಯೂಜಿನ ಡಬ್ಬಿ ತೆರೆದು ಒಂದೊಂದೇ ಮುಟ್ಟುತ್ತ ಬಂದ. ಏಳನೆಯದರಲ್ಲಿ ಬಲ್ಬು ಹತ್ತಲಿಲ್ಲ.

"ಫ್ಯೂಜ್ ಹಾರೇತಿ."

"ಇಷ್ಟ ಹೌದಲ್ಲೋ! ಹೊಸಾದು ಹಾಕಿ ಕೈ ತೊಳಕೋ" ಎಂದರು ಸುತ್ತ ನಿಂತವರು. ಅಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು. ಉದ್ಘಾಟನೆಗೆ ಹನ್ನೊಂದಕ್ಕೆ ಬರಬೇಕಾದವರು ವಾಸನೆ ಹಿಡಿದು ಒಂಬತ್ತೂವರೆಗೇ ಬಂದುಬಿಟ್ಟಿದ್ದರು.

"ಫ್ಯೂಜ್ ಸುಮ್ಮಸುಮ್ಮನ ಹಾರೂದಿಲ್ರೀ. ಎಲ್ಲೋ ವೈರ್ ಗಾಡಿ ಮೈಗೆ ತಾಗಾಕತ್ತೈತಿ. ಅದನ್ನ ಹುಡುಕಬೇಕು" ಎಂದ ಅಶ್ಫಾಕ. ಹೊಸ ಅಂಗಡಿಯ ಸಾಮಾನು ಗದಗಿನಿಂದ ಬರುವುದು ನಾಳೆ. ಹಳೆಯ ಡಬ್ಬಿಯಲ್ಲಿ ಆ ಅಳತೆಯ ಫ್ಯೂಜು ಇದ್ದದ್ದು ನಾಲ್ಕೇ.

ಆದರೂ ಇಪ್ಪತ್ತು ಜನರ ಒತ್ತಾಯ. ಒಂದನ್ನು ಹಾಕಿದ. ಸೀಟಿನ ಮೇಲೆ ಕೂತು, ಕ್ಲಚ್ಚು ತುಳಿದು ಕೆಂಪು ಸ್ವಿಚ್ಚು ಒತ್ತಿದ. ಸ್ವಿಚ್ಚಿನಲ್ಲಿ ದೀಪ ಹತ್ತಿತು. ಪಂಪು ಗೊರಗೊರ ಎಂದಿತು. ಜನ ಹೋ ಎಂದರು. ಮೋತಿಬಿ ಸಂತೋಷಕ್ಕೆ ಇನ್ನೊಂದು ಸುತ್ತು ಮಿರ್ಚಿ ಎಣ್ಣೆಗೆ ಬಿಟ್ಟಳು. ಅಶ್ಫಾಕ ಇಳಿದು ಕೈ ತೊಳೆಯಲು ಹೋದ. ವೀರು ಎಕ್ಸಲೇಟರು ಏರಿಸಲು ಹತ್ತಿ ಕೂತ.

ಪಂಪು ನಿಂತಿತು.

"ಮತ್ತ ಏನಾತಲೇ?"

"ನಾ ಏನೂ ಮಾಡಿಲ್ರೀ ಮಿಸ್ತ್ರಿ! ಕುಂತೆ, ಅಷ್ಟ!"

ಈ ಸಲ ಅಶ್ಫಾಕ ಬಿಳಿ ಅಂಗಿಯ ಆಸೆ ಬಿಟ್ಟು ಗಾಡಿಯ ಕೆಳಗೆ ನುಸುಳಿದ. ಆ ಟ್ಯಾಂಕರಿನ ಕೆಳಭಾಗ ಹೇಗಿರಬಹುದೆಂದು ಹೇಳುವುದು ಬೇಡ. ಕಾಯಿಲಿನ ಹತ್ತಿರ ಒಂದು ವೈರಿನ ಮೇಲ್ಪದರ ಒಡೆದಿತ್ತು. ಸಿಕ್ಕಿತು ಕಳ್ಳ ಎಂದುಕೊಂಡು ಅದಕ್ಕೆ ಟೇಪು ಸುತ್ತಿದ. ಹೊರಬಂದಾಗ ಅಂಗಿಯಲ್ಲಿ ಬಿಳಿ ಉಳಿದದ್ದು ಕಾಲರಿನ ಕೆಳಗೆ, ಅಂಗೈಯಗಲ. ಅಮೀರಾ ಆಕಾಶ ನೋಡಿದಳು.

ಎರಡನೆಯ ಫ್ಯೂಜು. ಅಶ್ಫಾಕ ಕೂತ, ಒತ್ತಿದ, ಪಂಪು ಓಡಿತು. ಐದು ನಿಮಿಷ ಕಾದ. ಓಡುತ್ತಲೇ ಇತ್ತು. "ಆತು, ಕಳ್ಳ ಸಿಕ್ಕ" ಎಂದು ಇಳಿದ. ವೀರು ಹತ್ತಿ ಕೂತ. ಪಂಪು ನಿಂತಿತು.

ಜನರಲ್ಲಿ ಈಗ ಮಾತು ಬೇರೆ ದಿಕ್ಕಿಗೆ ಹೊರಳಿತು. "ಶಿಗ್ಲಿ ಟ್ರ್ಯಾಕ್ಟರ್‌ದಾಗ ಲೈಟ್ ಹಚ್ಚಿದಂಗಲ್ಲ ಇದು" ಎಂದ ಒಬ್ಬ. "ಅಂಗಡಿ ತಗಿಯೂದು ಜಲ್ದಿ ಆತೇನೋ ಪಾಪ" ಎಂದ ಇನ್ನೊಬ್ಬ. ಅಶ್ಫಾಕನ ಕಿವಿಗೆ ಎಲ್ಲವೂ ಬಿದ್ದವು. ಗಂಟೆ ಹತ್ತಾಗಿತ್ತು. ಫ್ಯೂಜು ಸುಡುತ್ತ ಕೂತರೆ ಅವೇ ಮುಗಿದುಹೋಗುತ್ತವೆ. ಅವನು ಕಾಯಿಲಿನ ವೈರು ಬಿಚ್ಚಿಟ್ಟು, ಫ್ಯೂಜಿನ ಜಾಗದಲ್ಲಿ ಟೆಸ್ಟ್ ಲ್ಯಾಂಪನ್ನೇ ಸಿಕ್ಕಿಸಿ ಕೆಂಪು ಸ್ವಿಚ್ಚು ಒತ್ತಿಟ್ಟ. ಎಲ್ಲಾದರೂ ವೈರು ಗಾಡಿಯ ಮೈಗೆ ತಾಗಿದ್ದರೆ ಬಲ್ಬು ಹತ್ತಬೇಕು. ತಾಗಿರದಿದ್ದರೆ ಆರಿರಬೇಕು.

ಬಲ್ಬು ಆರಿತ್ತು. ಕೆಳಗಿನ ವೈರುಗಳನ್ನು ಎಳೆದ, ಅಲುಗಿಸಿದ, ಬಡಿದ. ಬಲ್ಬು ಹತ್ತಲಿಲ್ಲ. ಗಾಡಿಯಲ್ಲಿ ದೋಷವೇ ಇಲ್ಲ ಎಂದು ಅದು ಸಾಕ್ಷಿ ಹೇಳುತ್ತಿತ್ತು. ಅವನೇ ಮಾಡಿದ ಬಲ್ಬು, ಅವನ ವಿರುದ್ಧವೇ ಸಾಕ್ಷಿ.

ಬೇರೇನೂ ತೋಚದೆ ಕಾಯಿಲಿನ ವೈರು ಸೇರಿಸಿ ಮೂರನೆಯ ಫ್ಯೂಜು ಹಾಕಿದ. ಅವನು ಕೂತಾಗ ಓಡಿತು. ವೀರು ಕೂತಾಗ ನಿಂತಿತು.

"ನಿಂಬಿಹಣ್ಣು ಇಳಿ ತಗೀರಿ" ಎಂದಳು ಮೋತಿಬಿ. "ಏನೋ ತಮ್ಮಾ ವೀರು, ಮುಂಜಾನೆ ಎದ್ದ ಕೂಡ್ಲೆ ಯಾರ ಮುಖ ನೋಡಿ ಬಂದಿ?"

"ನಮ್ಮ ಮನಿಯಾಕಿದು."

"ಹಂಗಾದ್ರ ಆಕಿದು ತಪ್ಪಿಲ್ಲ ಬಿಡು. ಆಕಿ ದಿನಾ ನಿನ್ನ ಮುಖ ನೋಡ್ತಾಳ, ಪಾಪ."

"ಬ್ಯಾಟರಿ" ಎಂದ ಕೊಟ್ರಪ್ಪ, ಕೆಮ್ಮಿದಂತೆ.

ಅಮೀರಾ ಇಷ್ಟು ಹೊತ್ತೂ ಪೆಂಡಾಲಿನ ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದಳು. ಈಗ ಗಂಡನ ಬಳಿ ಬಂದು ಮೆಲ್ಲಗೆ ಹೇಳಿದಳು: "ನನಗ ಗಾಡಿ ಸುದ್ದಿ ತಿಳಿಯಂಗಿಲ್ಲ. ಆದ್ರ ಮೂರೂ ಸಲ ನೀವು ಕುಂತಾಗ ನಡೀತು. ಮೂರೂ ಸಲ ಅವ್ರು ಕುಂತಾಗ ನಿಂತು."

ಮೆಲ್ಲಗೆ ಹೇಳಿದ್ದು ಇಪ್ಪತ್ತು ಜನಕ್ಕೂ ಕೇಳಿಸಿತು. ಗುಂಪೆಲ್ಲ ವೀರುವಿನಿಂದ ಎರಡು ಹೆಜ್ಜೆ ಹಿಂದೆ ಸರಿಯಿತು.

"ಗ್ರಹಚಾರ! ಅವಂದ ಗ್ರಹಚಾರ!"

"ಹಂಗಾದ್ರ ಅಶ್ಫಾಕ, ನೀನ ಕುಂಡ್ರಪಾ ಗುಂಡಿ ಮುಗಿಯೂತನಕ" ಎಂದ ಒಬ್ಬ.

"ನಾ ಇಲ್ಲಿ ಕುಂತ್ರ ಶೇಠ್ರನ್ನ ಕರಕೊಳ್ಳಾವ್ರು ಯಾರ್ರಿ? ಮತ್ತ ನಾಳಿ ಇವ ಬ್ಯಾರೆ ಊರಾಗ ಕುಂತಾಗ ವೈರ್ ಬೆಂಕಿ ಹತ್ತಿದ್ರ?"

ಆ ಮಾತು ಆಡುತ್ತಿದ್ದಂತೆಯೇ ಅಶ್ಫಾಕ ತಡೆದು ನಿಂತ. ವೀರುವನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಒಣಗಿದ ಹುರುಳಿ ಬಳ್ಳಿಯಂಥ ತನ್ನ ಕೈಕಾಲು ನೋಡಿಕೊಂಡ. ತಾನು ಬಲ್ಬು ಹಿಡಿದು ಹುಡುಕಿದಾಗ ಸೀಟಿನ ಮೇಲೆ ಯಾರೂ ಇರಲಿಲ್ಲ.

"ವೀರು, ನಿನ್ನ ತೂಕ ಎಷ್ಟಪಾ?"

ವೀರುವಿಗೆ ಸಿಟ್ಟು ಬಂತು. "ಮಿಸ್ತ್ರಿ, ಗಾಡಿ ಸುದ್ದಿ ಮಾತಾಡ್ರಿ. ನನ್ನ ಮೈ ಸುದ್ದಿ ನಿಮಗ್ಯಾಕ?"

"ಸಿಟ್ಟಾಗಬ್ಯಾಡೋ. ನಿನ್ನ ಮೈಯೊಳಗ ನನ್ನ ಅಂಗಡಿ ನಸೀಬ ಐತಿ! ಇಲ್ಲೇ ನಿಂದ್ರು, ಬಂದೆ" ಎಂದು ಅಶ್ಫಾಕ ನಟ್ಟು ಬಿಚ್ಚುವ ಪಾನಾ ತರಲು ಅಂಗಡಿಯೊಳಗೆ ಓಡಿದ. ಸೀಟು ಬಿಚ್ಚಬೇಕಿತ್ತು. ಸರಿಯಾದ ಪಾನಾ ಹಳೆಯ ಪೆಟ್ಟಿಗೆಯ ತಳದಲ್ಲಿತ್ತು. ಪೆಟ್ಟಿಗೆಯ ಮೇಲೆ ಉದ್ಘಾಟನೆಯ ಪೇಢೆಯ ಡಬ್ಬಿಗಳಿದ್ದವು. ಅವನ್ನು ಇಳಿಸಲು ಮೂರು ನಿಮಿಷವಾಯಿತು.

ಆ ಮೂರು ನಿಮಿಷ ಕೊಟ್ರಪ್ಪನಿಗೆ ಸಾಕಾಯಿತು.

ಕೊಟ್ರಪ್ಪ ಕೆಟ್ಟವನಲ್ಲ. ಶೇಠರು ಬರುವ ಹೊತ್ತಾಯಿತು, ಸಾಲಂಗಡಿಯವರ ಮರ್ಯಾದೆ ಹೋಗುತ್ತದೆ ಎಂಬ ಕಳವಳ ಅವನಿಗೂ ಖರೆಯಾಗಿಯೇ ಇತ್ತು. ಮೂವತ್ತು ವರ್ಷದ ಹಿಂದೆ ಲಾರಿ ಡ್ರೈವರೊಬ್ಬ ಮುಂಡರಗಿ ರಸ್ತೆಯಲ್ಲಿ ಫ್ಯೂಜಿನ ಬದಲು ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಸುತ್ತಿ ಹಾಕಿದ್ದನ್ನು ಅವನು ಕಂಡಿದ್ದ. ಆ ಜ್ಞಾನ ಇಷ್ಟು ವರ್ಷ ಅವನ ತಲೆಯಲ್ಲಿ ಕೆಲಸವಿಲ್ಲದೆ ಬಿದ್ದಿತ್ತು. ಗುಂಪಿನಲ್ಲಿ ಯಾರದೋ ಕಿಸೆಯಿಂದ ಪಾಕೀಟು ಎಳೆದು, ಬೆಳ್ಳಿ ಕಾಗದ ಹರಿದು, ಗಟ್ಟಿಯಾಗಿ ಸುರುಳಿ ಸುತ್ತಿ ಫ್ಯೂಜಿನ ಜಾಗಕ್ಕೆ ಒತ್ತಿದ. ಧೋತರ ಎತ್ತಿ ಕಟ್ಟಿ ಗಾಡಿ ಹತ್ತಿದ. ತೂಕದಲ್ಲಿ ಅವನು ವೀರುವಿಗಿಂತ ಒಂದು ಹಿಡಿ ಹೆಚ್ಚೇ.

"ನೋಡ್ರಿ ಈಗ" ಎಂದು ಸೀಟಿನ ಮೇಲೆ ಭದ್ರವಾಗಿ ಕೂತು ಕೆಂಪು ಸ್ವಿಚ್ಚು ಒತ್ತಿದ.

ಪಂಪು ತಿರುಗಲಿಲ್ಲ. ಕೊಟ್ರಪ್ಪ ಇನ್ನೂ ಭದ್ರವಾಗಿ ಕೂತು ಇನ್ನೊಮ್ಮೆ ಒತ್ತಿದ. ಸೀಟು ಬೆಚ್ಚಗಾದಂತಾಯಿತು. ಬಿಸಿಲಿರಬೇಕು ಎಂದುಕೊಂಡ. ಬಿಸಿಲು ಮೇಲಿನಿಂದ ಬರುತ್ತದೆ, ಇದು ಕೆಳಗಿನಿಂದ ಬರುತ್ತಿದೆಯಲ್ಲ ಎಂದು ಹೊಳೆಯುವಷ್ಟರಲ್ಲಿ ಅವನ ಎರಡೂ ಕಡೆಯಿಂದ ಕರಿ ಹೊಗೆ ಎದ್ದಿತು.

ಸರಿಯಾಗಿ ಆಗಲೇ ನಾಕಾದ ತಿರುವಿನಲ್ಲಿ ಜಹಾಂಗೀರ ಶೇಠರ ಬಿಳಿ ಕಾರು ಬಂದು ನಿಂತಿತು. ಅತ್ತರಿನ ಪರಿಮಳದೊಂದಿಗೆ ಶೇಠರು ಇಳಿದರು. ಪರಿಮಳ ಎರಡು ಹೆಜ್ಜೆ ಬಂದು, ಎದುರಿನ ವಾಸನೆಗೆ ಹೆದರಿ ಅಲ್ಲೇ ನಿಂತಿತು. ಶೇಠರು ಕರವಸ್ತ್ರ ಮೂಗಿಗೆ ಒತ್ತಿ ನೋಡುತ್ತಾರೆ: ಟ್ಯಾಂಕರಿನಿಂದ ಒಬ್ಬ ದಪ್ಪ ಮನುಷ್ಯ ಕಪ್ಪೆಯಂತೆ ಹಾರಿ ಬೀಳುತ್ತಿದ್ದಾನೆ, ಅವನ ಧೋತರದ ಹಿಂಭಾಗದಲ್ಲಿ ಹೊಗೆಯಾಡುತ್ತಿದೆ, ಒಬ್ಬ ಮುದುಕಿ ಅತಿಥಿಗಳಿಗಾಗಿ ಇಟ್ಟ ಶರಬತ್ತಿನ ಕೊಳಗವನ್ನೇ ಎತ್ತಿ ಅವನ ಬೆನ್ನಿಗೆ ಸುರಿಯುತ್ತಿದ್ದಾಳೆ.

"ಏನಿದು? ಯಾರ ಮದುವಿ?" ಎಂದರು ಶೇಠರು.

ಅಶ್ಫಾಕ ಅಂಗಡಿಯಿಂದ ಹೊರಬಂದವನು ಶೇಠರಿಗೆ ಸಲಾಮೂ ಹೇಳಲಿಲ್ಲ. ಸೀದಾ ಗಾಡಿಗೆ ಓಡಿ ಬ್ಯಾಟರಿಯ ವೈರನ್ನು ಪಾನಾ ಹಾಕಿ ಬಿಚ್ಚಿ ಎಳೆದ. ಹೊಗೆ ಕಡಿಮೆಯಾಯಿತು. ಫ್ಯೂಜಿನ ಡಬ್ಬಿಯಿಂದ ಬೆಳ್ಳಿ ಕಾಗದ ಕಿತ್ತೆಸೆದ. ಕೊಟ್ರಪ್ಪನ ಕಡೆ ಒಮ್ಮೆ ನೋಡಿದ. ಬೈಯಲು ಬಾಯಿ ತೆರೆದ. ಶರಬತ್ತು ತೊಟ್ಟಿಕ್ಕುತ್ತ, ಹುಬ್ಬಿನ ಮೇಲೆ ಸಬ್ಜಾ ಬೀಜ ಅಂಟಿಸಿಕೊಂಡು ನಿಂತ ಆ ಮುಖ ಕಂಡು ಬೈಗುಳ ಬರಲಿಲ್ಲ.

"ಸುಟ್ಟತೇನ್ರಿ ಕಾಕಾ?"

"ಧೋತ್ರಾ ಅಷ್ಟ" ಎಂದ ಕೊಟ್ರಪ್ಪ ಸಣ್ಣ ದನಿಯಲ್ಲಿ.

ಸೀಟಿನ ನಾಲ್ಕು ನಟ್ಟು ಬಿಚ್ಚಿ ಅಶ್ಫಾಕ ಅದನ್ನು ಎತ್ತಿ ಆಚೆಗಿಟ್ಟ. ಸೀಟಿನಡಿಯ ಕಬ್ಬಿಣದ ಪಟ್ಟಿಯ ಕೆಳಗೆ ಒಂದು ವೈರು ಕಪ್ಪಗೆ ಕರಕಲಾಗಿತ್ತು. ಅದರ ಆಚೀಚೆ ಇಲಿ ಕಡಿದ ಗುರುತು, ಪಕ್ಕದಲ್ಲಿ ಇಲಿ ಬಿಟ್ಟುಹೋದ ಶೇಂಗಾ ಸಿಪ್ಪೆ. ಕೆಂಪು ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ವೈರೇ ಅದು. ತೆಳ್ಳಗಿನವರು ಕೂತರೆ ಪಟ್ಟಿ ಅದನ್ನು ಮುಟ್ಟುತ್ತಿರಲಿಲ್ಲ. ತೂಕದವರು ಕೂತರೆ ಪಟ್ಟಿ ಬಾಗಿ, ಇಲಿ ತೆರೆದಿಟ್ಟ ತಾಮ್ರಕ್ಕೆ ತಾಗಿ, ಕರೆಂಟು ಕಾಯಿಲಿಗೆ ಹೋಗುವುದನ್ನು ಬಿಟ್ಟು ಗಾಡಿಯ ಮೈಗೆ ಇಳಿದುಹೋಗುತ್ತಿತ್ತು.

ಈಗ ಅವನಿಗೆ ಶೇಠರು ಕಂಡರು. "ಸಲಾಮ್ ಶೇಠ್ರ. ತಪ್ಪು ತಿಳೀಬ್ಯಾಡ್ರಿ. ಒಂದೀಟು ನಿಂತು ನೋಡ್ರಿ" ಎಂದು ಬ್ಯಾಟರಿ ಸೇರಿಸಿ, ಕಾಯಿಲಿನ ವೈರು ಬಿಚ್ಚಿ, ಫ್ಯೂಜಿನ ಜಾಗದಲ್ಲಿ ಬಲ್ಬು ಸಿಕ್ಕಿಸಿ ಸ್ವಿಚ್ಚು ಒತ್ತಿದ. ಸೀಟನ್ನು ಮರಳಿ ಅದರ ಜಾಗದಲ್ಲಿಟ್ಟ. "ವೀರು, ಕುಂಡ್ರು."

ವೀರು ಅಂಜುತ್ತ ಕೂತ. ಬಲ್ಬು ಝಗ್ಗನೆ ಹತ್ತಿತು.

"ಏಳು."

ಎದ್ದ. ಆರಿತು.

ಆಮೇಲೆ ಎಲ್ಲರಿಗೂ ಅದೊಂದು ಆಟವೇ ಆಯಿತು. "ಕುಂಡ್ರು!" ಎಂದು ಒಬ್ಬ ಕೂಗಿದ. "ಏಳು!" ಎಂದು ಇನ್ನೊಬ್ಬ. ಶೇಠರು ಕರವಸ್ತ್ರ ಮೂಗಿನಿಂದ ಇಳಿದದ್ದನ್ನೂ ಮರೆತು, "ಇನ್ನೊಮ್ಮೆ, ಇನ್ನೊಮ್ಮೆ" ಎಂದರು. ವೀರು ಹನ್ನೆರಡು ಸಲ ಕೂತು ಎದ್ದು ಬೆವತುಹೋದ.

"ನಂದು ಗ್ರಹಚಾರ ಅಂದ್ರಲ್ಲ, ಈಗ ಹೇಳ್ರಿ" ಎಂದು ಮೋತಿಬಿಯ ಕಡೆ ತಿರುಗಿದ.

"ನಿಂದಲ್ಲಪಾ, ಇಲಿದು" ಎಂದು ಆಕೆ ಒಂದು ಬಿಸಿ ಮಿರ್ಚಿ ಅವನ ಕೈಗಿಟ್ಟಳು.

ಅಶ್ಫಾಕ ಕರಕಲು ವೈರು ಕತ್ತರಿಸಿ ತೆಗೆದು, ಹೊಸ ವೈರಿಗೆ ರಬ್ಬರು ಕೊಳವೆ ತೊಡಿಸಿ, ಸೀಟಿನ ನೆರಳೂ ಬೀಳದಂತೆ ಕ್ಯಾಬಿನ್ನಿನ ಗೋಡೆಯ ಬದಿಯಿಂದ ಒಯ್ದು ಕ್ಲಿಪ್ಪು ಹಾಕಿದ. ಕಾಯಿಲಿಗೆ ಸೇರಿಸಿ, ಒಂದೊಂದು ಜೋಡಣೆಯನ್ನೂ ಎಳೆದು ನೋಡಿ, ಸೀಟಿನ ನಟ್ಟು ಬಿಗಿದ. ಕಡೆಗೆ ಉಳಿದ ಒಂದೇ ಒಂದು ಫ್ಯೂಜನ್ನು ಒತ್ತಿದ.

"ವೀರು, ಈಗ ನೀನ ಹಚ್ಚು. ಕುಂಡ್ರೂದಷ್ಟ ಅಲ್ಲ, ಜಿಗದು ಕುಂಡ್ರು."

ವೀರು ಜಿಗಿದು ಕೂತ. ಗಾಡಿ ಒಮ್ಮೆ ಮಂಡಿಯೂರಿ ಎದ್ದಿತು. ಕೆಂಪು ದೀಪ ಹತ್ತಿತು. ಪಂಪು ಗೊರಗೊರ ಎಂದಿತು. ವೀರು ಸೀಟಿನ ಮೇಲೆ ಕುಣಿದ, ಹೊರಳಿದ, ಎಕ್ಸಲೇಟರು ಏರಿಸಿದ. ಪಂಪು ನಿಲ್ಲಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಗುಂಡಿ ಖಾಲಿಯಾಯಿತು, ಮುಚ್ಚಳ ಬಿತ್ತು, ಅಮೀರಾ ಎರಡು ಬಕೆಟ್ಟು ಫಿನಾಯಿಲು ಸುರಿದಳು. ಟ್ಯಾಂಕರು ಪೋಂ ಎಂದು ಹಾರನ್ನು ಬಾರಿಸಿ ಹೊರಟಾಗ ಜನ ಹೊರಟ ಮದುವೆಯ ದಿಬ್ಬಣಕ್ಕೆ ಕೈ ಬೀಸಿದಂತೆ ಬೀಸಿದರು.

ರಿಬ್ಬನ್ನು ಕತ್ತರಿಸಿದಾಗ ಹನ್ನೆರಡೂ ಕಾಲು. ಶರಬತ್ತು ಕೊಟ್ರಪ್ಪನ ಪಾಲಾಗಿದ್ದರಿಂದ ಬಂದವರಿಗೆಲ್ಲ ಮೋತಿಬಿಯ ಚಹಾ. ಶೇಠರು ಮಾತಾಡಲು ಎದ್ದು ನಿಂತರು. ಅಂಗೈಯಗಲ ಬಿಳಿ ಉಳಿದ ಅಂಗಿಯಲ್ಲಿ ಅಶ್ಫಾಕ ಅವರ ಪಕ್ಕದಲ್ಲಿ ನಿಂತಿದ್ದ.

"ನಾ ಇವತ್ತ ಈ ಹುಡುಗನ ಕೈ ನೋಡಾಕ ಬಂದಿದ್ದೆ" ಎಂದರು ಶೇಠರು. "ಕೈ ನೋಡಿದೆ. ತಲಿನೂ ನೋಡಿದೆ. ಗಾಡಿಯೊಳಗ ದೋಷ ಇಲ್ಲ ಅಂತ ಬಲ್ಬ್ ಹೇಳಿದ್ರೂ, ಐತಿ ಅಂತ ಹಟಾ ಹಿಡದು ಹುಡುಕಿದಾಂವ ಇಂವ ಅಂತ ಇಲ್ಲಿ ಮಂದಿ ಹೇಳಿದ್ರು. ನನ್ನ ಏಳು ಕಾರು ನಿಮಗೆಲ್ಲಾ ಗೊತ್ತದಾವ. ಆ ಏಳೂ ಕಾರಿನ ಕೆಲಸಾನ ನಾ ಇವತ್ತ..."

ಶೇಠರು ನಿಲ್ಲಿಸಿ ಚಹಾ ಗುಟುಕರಿಸಿದರು. ಅಮೀರಾ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಶ್ಫಾಕನಿಗೆ ಆಗಲೇ ತಂಪು ಗಾಳಿ ಮುಖಕ್ಕೆ ಬಡಿದಂತಾಯಿತು.

"...ಕೊಟ್ರಪ್ಪನವರಿಗೆ ಕೊಡಾಕತ್ತೀನಿ."

ಪೆಂಡಾಲಿನ ತಲೆಗಳೆಲ್ಲ ಹಿಂದಕ್ಕೆ ಹೊರಳಿದವು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಕೊಟ್ರಪ್ಪ. ಅವನು ಬಾಡಿಗೆ ಶಾಮಿಯಾನಾದವರ ಮೇಜುಬಟ್ಟೆ ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ.

"ಕಾರು ಎಲ್ಲಾ ಹೊಸಾವು" ಎಂದು ಶೇಠರು ಮುಂದುವರಿಸಿದರು. "ವರ್ಷಕ್ಕೊಮ್ಮೆ ಬ್ಯಾಟರಿ ನೋಡಿದ್ರ ಮುಗೀತು. ಅದಕ್ಕ ಕೊಟ್ರಪ್ಪನವರು ಬೇಕಾದಷ್ಟು. ಕೂತ ಜಾಗಾ ಸುಟ್ರೂ ಸ್ವಿಚ್ ಬಿಡಲಿಲ್ಲ ಮನಿಷಾ! ಅಶ್ಫಾಕನಂಥಾ ಕೈಯನ್ನ ಕಾರಿಗೆ ಹಚ್ಚೂದು ಅಂದ್ರ ದಂಡ. ಈಗ ಖರೆ ಖಬರ ಹೇಳ್ತೀನಿ ಕೇಳ್ರಿ. ಕಾರಿನ ಧಂದಾ ಸಾಕಾಗೇತಿ. ಹೋದ ತಿಂಗಳ ನಾ ಇಂಥಾವ ಟ್ಯಾಂಕರ್ ಹನ್ನೊಂದು ತಗೊಂಡೀನಿ. ಗದಗ-ಬೆಟಗೇರಿಯೊಳಗ ಐದು, ಶಿರಹಟ್ಟಿಯೊಳಗ ಮೂರು, ಮುಂಡರಗಿಯೊಳಗ ಮೂರು. ಎಲ್ಲಾ ಹಳೇವು. ಹನ್ನೊಂದರಾಗ ಆರು ಗಾಡಿ ಪಂಪ್ ತಿರಗವಲ್ದು. ಮೂರು ಊರಿನ ಮಿಸ್ತ್ರಿಗಳು ಕೈ ಎತ್ತಿಬಿಟ್ಟಾರ. ಇವತ್ತಿನಿಂದ ಆ ಹನ್ನೊಂದೂ ಅಶ್ಫಾಕನ ಅಂಗಡಿಗೇ ಬರ್ತಾವು!"

ಚಪ್ಪಾಳೆ ಬಿದ್ದವು. ಮೋತಿಬಿ ಚಪ್ಪಾಳೆ ತಟ್ಟುತ್ತಲೇ ತನ್ನ ಗಾಡಿಯನ್ನು ರಸ್ತೆಯ ಆಚೆ ಬದಿಗೆ ಸರಿಸಲು ಗಾಲಿಯ ಕಲ್ಲು ತೆಗೆದಳು. ಸಾಲಂಗಡಿಯವರು ಕೈ ಅರ್ಧಕ್ಕೆ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಶೇಠ್ರ" ಎಂದ ಅಶ್ಫಾಕ. ಅವನ ದನಿ ಎಲ್ಲೋ ಗಾಡಿಯ ಕೆಳಗಿನಿಂದ ಬಂದಂತಿತ್ತು. "ಒಂದ... ಒಂದ ಕಾರ್ ಆದ್ರೂ..."

"ಶುಕ್ರಿಯಾ ಗಿಕ್ರಿಯಾ ಏನೂ ಬ್ಯಾಡ" ಎಂದು ಶೇಠರು ಅವನ ಬೆನ್ನು ತಟ್ಟಿ, ತಟ್ಟಿದ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಅಲ್ಲಿಂದಲೇ ಶಿರಹಟ್ಟಿಗೆ ಫೋನು ಹಚ್ಚಿದರು.

ಎರಡು ಗಂಟೆಗೆ ಪೆಂಡಾಲು ಖಾಲಿಯಾಗಿತ್ತು. ಕೊಟ್ರಪ್ಪ ಹೋಗುವಾಗ ಹತ್ತಿರ ಬಂದು, "ನಾ ಕೇಳಿದ್ದಿಲ್ಲೋ ತಮ್ಮಾ, ಅವ್ರ ಕೊಟ್ರು" ಎಂದು ತಲೆ ತಗ್ಗಿಸಿದ್ದ. ಅಶ್ಫಾಕ ಹೊಸ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಅಮೀರಾ ಪಕ್ಕದಲ್ಲಿ ಬಂದು ಕೂತಳು.

"ಹನ್ನೆರಡು ವರ್ಷ ಕಾರು, ಕಾರು ಅಂದೆ" ಎಂದ ಅವನು.

"ಅಂದ್ರಿ."

"ಟ್ರ್ಯಾಕ್ಟರ್ ಇದ್ದಾಗ ಬರೇ ಮಣ್ಣಿತ್ತು ನೋಡು."

ಅಮೀರಾ ತುಟಿ ಕಚ್ಚಿ ತಡೆಯಲು ನೋಡಿದಳು. ಆಗಲಿಲ್ಲ. ನಗು ಒಮ್ಮೆಲೇ ಒಡೆಯಿತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಮುಖ ಗಂಟಿಕ್ಕಿಕೊಂಡು ನೋಡುತ್ತಿದ್ದವನು ತಾನೂ ನಕ್ಕ.

"ಮೊದಲನೇ ದಿನಾನ ಹನ್ನೊಂದು ಗಾಡಿ" ಎಂದಳು ಅವಳು ಕಣ್ಣು ಒರೆಸಿಕೊಳ್ಳುತ್ತ. "ಯಾವ ಅಂಗಡಿಗಾದ್ರೂ ಬಂದಿದ್ವೇನ್ರಿ? ಮೂರು ಊರಿನ ಮಿಸ್ತ್ರಿಗಳು ಕೈ ಎತ್ತಿದ್ದು ನಿಮ್ಮ ಹಂತ್ಯಾಕ ಬರಾಕತ್ತೈತಿ."

ಶಿರಹಟ್ಟಿಯ ಕಡೆಯಿಂದ ಧೂಳೆಬ್ಬಿಸುತ್ತ ಒಂದು ಟ್ಯಾಂಕರು ನಾಕಾಕ್ಕೆ ತಿರುಗಿತು. ಅದು ಬರುವ ಮೊದಲೇ ಅದರ ಸುದ್ದಿ ಗಾಳಿಯಲ್ಲಿ ಬಂದಿತ್ತು. ರಸ್ತೆಯಾಚೆ ಮೋತಿಬಿ ಸೆರಗು ಮುಖಕ್ಕೆಳೆದಳು. ಗಾಡಿ ಅಂಗಡಿಯ ಮುಂದೆ ನಿಂತಿತು. ಕಡ್ಡಿಯಂಥ ಡ್ರೈವರೊಬ್ಬ ಇಳಿದು, "ಮಿಸ್ತ್ರಿ ಯಾರ್ರಿ? ಇದು ಬ್ರೇಕ್ ಒತ್ತಿದಾಗ ಪಂಪ್ ತಿರಗತೈತ್ರಿ, ಸ್ವಿಚ್ ಒತ್ತಿದಾಗ ಹಾರನ್ ಬಡೀತೈತ್ರಿ!" ಎಂದು ಕೂಗಿದ.

ಅಶ್ಫಾಕ ಏಳಬಾರದೆಂದೇ ಕೂತಿದ್ದ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ಅವನ ಕಣ್ಣು ಕಿರಿದಾದವು.

"ಬ್ರೇಕ್ ಒತ್ತಿದಾಗ ಪಂಪ್?" ಎಂದ ತನಗೆ ತಾನೇ. "ಹೆಂಗ ಸಾಧ್ಯ?"

ಅಮೀರಾ ಓಢಣಿಯನ್ನು ಮೂಗಿಗೆ ಬಿಗಿದು ಕಟ್ಟಿಕೊಂಡಳು. ಒಳಗಿನಿಂದ ಒಂದು ಟವೆಲು ತಂದು ಗಂಡನ ಮುಖಕ್ಕೂ ಸುತ್ತಿ ಹಿಂದೆ ಗಂಟು ಹಾಕಿದಳು.

"ಏಳ್ರಿ" ಎಂದಳು. "ಗಿರಾಕಿ ಕಾಯಾಕತ್ತಾರ."